ಇನ್ನೂ ಯೋಚಿಸುತ್ತಿರುವ ಮತದಾರರು

ಟಾಲೋ ಕ್ರೀಕ್ ನಗರದ ಮತದಾರರಲ್ಲಿ ಒಬ್ಬರು ಹಿಮದ ರಾಶಿ ಎಂಬುದನ್ನು ನಗರಸಭೆ ಸರ್ವಾನುಮತದಿಂದ ಅಂಗೀಕರಿಸಿದೆ. ವಾಸ, ಮೇಯರ್ ಓರೆಸ್ಟ್ ಪ್ರಿಸ್ಟೂಪಾ ಅವರ ಮನೆಯಂಗಳ. ಹುಬ್ಬೇರಿಸಬೇಡಿ, ನಡೆದದ್ದನ್ನು ನಡೆದ ಹಾಗೆ ಕೇಳಿದರೆ ನೀವೂ ಕೈಯೆತ್ತುತ್ತೀರಿ.

ಓರೆಸ್ಟ್ ರಾಜಕೀಯಕ್ಕೆ ಬರುವ ಮುಂಚೆ ಮನೆ ಬೆಚ್ಚಗಿಡುವ ಫರ್ನೇಸ್ ಮಾರುತ್ತಿದ್ದರು. ನಮ್ಮ ಸಸ್ಕಾಚೆವಾನ್ ಚಳಿಯಲ್ಲಿ ಆ ಕಸುಬಿನವನಿಗೆ ಎಲ್ಲರ ನೆಲಮಾಳಿಗೆಯೂ ಗೊತ್ತು. ನೆಲಮಾಳಿಗೆ ಗೊತ್ತಿದ್ದವನಿಗೆ ಮನೆಯವರ ಸಂಕಟವೂ ಗೊತ್ತು. ಇಲ್ಲಿನ ಸಂಕಟ ಒಂದೇ. ಬೆಳಗ್ಗೆ ಎದ್ದು ಸೊಂಟ ಮುರಿಯುವಂತೆ ಹಿಮ ಎತ್ತಿಹಾಕಿ ಕಾರಿಗೆ ದಾರಿ ಮಾಡುತ್ತೀರಿ. ಒಳಗೆ ಹೋಗಿ ಕಾಫಿ ಬಗ್ಗಿಸಿಕೊಳ್ಳುವಷ್ಟರಲ್ಲಿ ನಗರಸಭೆಯ ಲಾರಿ ಬಂದು, ರಸ್ತೆಯ ಹಿಮವನ್ನೆಲ್ಲ ಪಕ್ಕಕ್ಕೆ ತಳ್ಳಿ, ಸರಿಯಾಗಿ ನಿಮ್ಮ ದಾರಿಗೇ ದಿಣ್ಣೆ ಕಟ್ಟಿ, ಹಾರ್ನ್ ಹೊಡೆದು ನಮಸ್ಕಾರ ಹೇಳಿ ಹೋಗುತ್ತದೆ.

“ನಾನು ಗೆದ್ರೆ ಯಾರ ಮನೆ ಮುಂದೂ ದಿಣ್ಣೆ ಇರಲ್ಲ” ಎಂದರು ಓರೆಸ್ಟ್. ಗೆದ್ದರು. ಅವರ ಎದುರಾಳಿಗೆ ಸ್ವಂತ ಹೆಂಡತಿಯೂ ಮತ ಹಾಕಿರಲಿಲ್ಲವಂತೆ. ಓರೆಸ್ಟ್ ಅದನ್ನು ಬಹಳ ದಿನ ಹೇಳಿಕೊಂಡು ನಕ್ಕರು.

ದಿಣ್ಣೆ ಇರಬಾರದೆಂದರೆ ಹಿಮ ಬೇರೆಲ್ಲಾದರೂ ಹೋಗಬೇಕಲ್ಲ? ಸಭೆ ಕರೆದರು. ಬೀದಿಗೊಬ್ಬರಂತೆ ಎದ್ದು ನಿಂತು, “ಕ್ಷಮಿಸಿ, ನಮ್ಮ ಬೀದಿ ಚಿಕ್ಕದು” ಎಂದು ಕೂತರು. ಊರಲ್ಲಿ ಅಗಲವಾದ ಬೀದಿಯೇ ಇಲ್ಲವೆಂದು ಅಂದು ಗೊತ್ತಾಯಿತು. ಕೊನೆಗೆ ಓರೆಸ್ಟ್, “ಹಾಗಾದ್ರೆ ನಮ್ಮನೆ ಅಂಗಳಕ್ಕೇ ಹಾಕ್ಲಿ ಬಿಡಿ” ಎಂದರು. ಬರೀ ಬಾಯಿಮಾತು. ಯಾರಾದರೂ “ಅಯ್ಯೋ, ಛೆ, ಬೇಡ” ಅನ್ನಲೆಂದು ಕಾದರು. ಆದರೆ ಒಬ್ಬ ಮನುಷ್ಯ ಒಳ್ಳೆಯ ಮಾತಾಡುವಾಗ ಅಡ್ಡ ಬಾಯಿ ಹಾಕುವುದು ನಮ್ಮಲ್ಲಿ ಮರ್ಯಾದೆಯಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಮೇಯರರ ಹೆಂಡತಿ ಲೆಸ್ಯಾ ಕಿಟಕಿಯಲ್ಲಿ ನಿಂತು ಹೇಳಿದರು:

“ಓರೆಸ್ಟ್, ಅದು ನನ್ನ ಬೀಟ್‌ರೂಟ್ ಮಡಿ.”

“ಏಪ್ರಿಲ್‌ಗೆ ಕರಗುತ್ತೆ ಕಣೆ.”

“ಯಾವ ವರ್ಷದ ಏಪ್ರಿಲ್‌ಗೆ?”

ಏಪ್ರಿಲ್ ಹೋಯಿತು, ಮೇ ಹೋಯಿತು. ಇಡೀ ಊರಿನ ಹಿಮವೆಂದರೆ ಸುಮ್ಮನೆಯೇ? ಮುಂಬಾಗಿಲು ಮುಚ್ಚಿಹೋಗಿ ದಂಪತಿ ಅಡುಗೆಮನೆ ಕಿಟಕಿಯಿಂದ ಓಡಾಡತೊಡಗಿದರು. ದೋಸೆ ಕಾವಲಿಯಂತೆ ಚಪ್ಪಟೆಯಾದ ಈ ನಾಡಿಗೆ ಒಂದು ಬೆಟ್ಟ ಸಿಕ್ಕಿತ್ತು; ಪಕ್ಕದೂರಿನವರು ಜಾರಲು ಬರುತ್ತಿದ್ದರು.

ಜುಲೈನಲ್ಲಿ ಜನಗಣತಿ. ನಗರವೆನಿಸಿಕೊಳ್ಳಲು ಐದು ಸಾವಿರ ತಲೆ ಬೇಕು. ನಮಗೆ ಒಂದು ಕಡಿಮೆ ಬಿತ್ತು. ನಗರ ಹೋದರೆ ಪಟ್ಟಣ, ಪಟ್ಟಣವಾದರೆ ಸದಸ್ಯರ ಭತ್ಯೆ ಅರ್ಧ. ಸದಸ್ಯರಿಗೆ ಊರಿನ ಘನತೆಯ ಚಿಂತೆ ಹತ್ತಿತು. ಕಾರ್ಯದರ್ಶಿ ಫೇರ್‌ಬರ್ನ್ ಎದ್ದು ನಿಯಮ ಓದಿದರು: “ನಗರದ ಎಲ್ಲೆಯೊಳಗೆ ಆರು ತಿಂಗಳು ಎಡೆಬಿಡದೆ ನೆಲೆಸಿದ ಪ್ರತಿಯೊಬ್ಬರನ್ನೂ ನಿವಾಸಿಯೆಂದು ಪರಿಗಣಿಸತಕ್ಕದ್ದು. ಉಸಿರಾಡತಕ್ಕದ್ದು ಎಂದು ಎಲ್ಲಿಯೂ ಹೇಳಿರುವುದಿಲ್ಲ.” ಮೇಯರರ ಅಂಗಳದ ರಾಶಿ ಐದು ಸಾವಿರನೆಯ ನಿವಾಸಿಯಾಯಿತು; ನಿವಾಸಿಯೆಂದ ಮೇಲೆ ಮತದಾರರೂ ಹೌದು.

“ಮತದಾನಕ್ಕೆ ಹದಿನೆಂಟು ತುಂಬಿರಬೇಕಲ್ಲ?” ಎಂದರು ಯಾರೋ.

ಕಾಲೇಜಿನಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತನಾದವನೆಂದು ನನ್ನನ್ನು ಕೇಳಿದರು. ರಾಶಿಯೊಳಗಿನ ನೀರು ಭೂಮಿಯಷ್ಟೇ ಹಳೆಯದು ಎಂದೆ. ಹಿರಿಯ ನಾಗರಿಕರ ರಿಯಾಯಿತಿಯೂ ಮಂಜೂರಾಯಿತು.

ಶರತ್ಕಾಲಕ್ಕೆ ಮತ್ತೆ ಚುನಾವಣೆ. ಓರೆಸ್ಟರಿಗೆ ಕುರ್ಚಿ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಫರ್ನೇಸ್ ಅಂಗಡಿ ಮಾರಿಯಾಗಿತ್ತು, ಅಂಗಳ ಮತದಾರರದಾಗಿತ್ತು. ಎದುರಿಗೆ ನಿಂತವರು ಸದಸ್ಯೆ ಗ್ವೆನ್ ಮೆಕ್ಯಾಸ್ಕಿಲ್. “ರಾಶಿ ತೆಗೆಸ್ತೀನಿ” ಎಂಬುದೇ ಅವರ ಘೋಷಣೆ. ಎಣಿಕೆ ಮುಗಿದಾಗ ಇಬ್ಬರಿಗೂ ಸಮಸಮ. ಮತ ಹಾಕದೆ ಉಳಿದವರು ಒಬ್ಬರೇ.

ನಡೆದು ಬರಲಾಗದವರ ಮನೆಗೆ ಮತಪೆಟ್ಟಿಗೆ ಒಯ್ಯುವ ಸೌಲಭ್ಯ ನಮ್ಮಲ್ಲಿದೆ. ಎರಡು ಪೆಟ್ಟಿಗೆ ಒಯ್ದು ರಾಶಿಯ ಪೂರ್ವಕ್ಕೆ ಓರೆಸ್ಟರದು, ಪಶ್ಚಿಮಕ್ಕೆ ಗ್ವೆನ್‌ರದು ಇಟ್ಟರು. ಕರಗಿದ ನೀರು ಮೊದಲು ಯಾವುದನ್ನು ಮುಟ್ಟುತ್ತದೋ ಮತ ಅದಕ್ಕೆ. ಊರೆಲ್ಲ ಆಲೂಗಡ್ಡೆ ಕಡುಬು ತಿನ್ನುತ್ತ ನೆರೆಯಿತು. ಮಧ್ಯಾಹ್ನದ ಬಿಸಿಲಿಗೆ ಒಂದು ಎಳೆ ನೀರು ಇಳಿದು ಪಶ್ಚಿಮಕ್ಕೆ ಹೊರಳಿತು. ಓರೆಸ್ಟರ ಮುಖ ಸುಣ್ಣವಾಯಿತು. ಗ್ವೆನ್‌ರ ಪೆಟ್ಟಿಗೆಗೆ ಇನ್ನೊಂದು ಗೇಣು ಇದೆ ಎನ್ನುವಾಗ ಉತ್ತರದ ಗಾಳಿ ಬೀಸಿ ನೀರು ಅಲ್ಲೇ ಹೆಪ್ಪುಗಟ್ಟಿತು. ಮೇಲಿಂದ ಹೊಸ ಹಿಮ.

ಫೇರ್‌ಬರ್ನ್ ಟೋಪಿ ತೆಗೆದು ಪ್ರಕಟಿಸಿದರು: “ಮತದಾರರು ಇನ್ನೂ ಯೋಚಿಸುತ್ತಿದ್ದಾರೆ. ಅವರ ಮೇಲೆ ಯಾರೂ ಒತ್ತಡ ಹೇರತಕ್ಕದ್ದಲ್ಲ. ಬೇಗ ಕರಗಲೆಂದು ಉಪ್ಪು ಎರಚುವುದನ್ನೂ ಒತ್ತಡವೆಂದೇ ಪರಿಗಣಿಸಲಾಗುವುದು. ತೀರ್ಮಾನದವರೆಗೆ ಹಾಲಿ ಮೇಯರರೇ ಮುಂದುವರಿಯತಕ್ಕದ್ದು.”

ಒಂದು ವಾರ ಬಿಟ್ಟು ಗ್ವೆನ್ ಬೆಣ್ಣೆ ಕಜ್ಜಾಯ ಹಿಡಿದುಕೊಂಡು ಮೇಯರರ ಕಿಟಕಿ ಹತ್ತಿ ಒಳಗಿಳಿದರು. ನಾನೂ ಅಲ್ಲಿದ್ದೆ.

“ಒಂದೇ ಒಂದು ಮತ ಹೆಚ್ಚು ಬಿದ್ದಿದ್ರೆ ಗೆದ್ದಿರ್ತಿದ್ದೆ” ಎಂದರು ಗ್ವೆನ್. “ನಂದು ನಿನಗೇ ಹಾಕ್ದೆ ಓರೆಸ್ಟ್. ತನಗೆ ತಾನೇ ಹಾಕ್ಕೊಳ್ಳೋದು ಚೆನ್ನಾಗಿರಲ್ಲ ನೋಡು.”

ಓರೆಸ್ಟ್ ಬೆವರೊರೆಸಿಕೊಂಡರು. “ನಾನು ನನಗೇ ಹಾಕ್ಕೊಂಡೆ. ಹಾಗಾದ್ರೆ ನೀನು ಸಮಸಮ ಹೇಗೆ ಬಂದೆ ಮಾರಾಯ್ತಿ? ನಮ್ಮ ಕಡೆಯವರೇ ಯಾರೋ ಕೈಕೊಟ್ಟಿರ್ಬೇಕು.”

“ನಾನು” ಎಂದರು ಲೆಸ್ಯಾ, ಸಾರಿಗೆ ಸೌಟು ಹಾಕುತ್ತ. “ಅಂಗಡಿ ಬೀಟ್‌ರೂಟಿನ ಸಾರು ಕುಡಿದೂ ನಿನಗೆ ತಿಳೀಲಿಲ್ವಾ?”

ಓರೆಸ್ಟ್ ಬಟ್ಟಲು ನೋಡಿದರು. ಅಷ್ಟರಲ್ಲಿ ಲಾರಿ ಓಡಿಸುವ ಡೆಲ್ಮರ್ ಕಿಟಕಿ ತಟ್ಟಿದ.

“ಮೇಯರ್ ಸಾಹೇಬ್ರೆ, ಈ ವರ್ಷದ್ದು ಎಲ್ಲಿ ಹಾಕ್ಲಿ?”

ಓರೆಸ್ಟ್ ಮೆಲ್ಲಗೆ ಗ್ವೆನ್ ಕಡೆ ತಿರುಗಿದರು.

“ಕ್ಷಮಿಸು, ನಮ್ಮ ಬೀದಿ ಚಿಕ್ಕದು” ಎಂದರು ಗ್ವೆನ್.

ನಮ್ಮ ಬೀದಿಯೂ ಚಿಕ್ಕದೇ. ನಾನು ಕಜ್ಜಾಯ ತೆಗೆದುಕೊಂಡೆ. ಓರೆಸ್ಟ್ ಹೆಂಡತಿಯ ಮುಖ ನೋಡಿದರು. ಲೆಸ್ಯಾ ಕೈ ಒರೆಸಿಕೊಂಡು ಬಂದು ಕಿಟಕಿ ತೆರೆದು, ಬೀಟ್‌ರೂಟ್ ಮಡಿ ಇದ್ದ ಜಾಗವನ್ನು ಒಂದು ಗಳಿಗೆ ದಿಟ್ಟಿಸಿದರು.

“ಇಲ್ಲೇ ಹಾಕಪ್ಪ” ಎಂದರು. “ಆದ್ರೆ ಸದ್ದು ಮಾಡ್ಬೇಡ. ಅವರು ಯೋಚನೆ ಮಾಡ್ತಿದ್ದಾರೆ.”