ಹೆಚ್ಚುಕಡಿಮೆ ಎದ್ದು ನಿಂತ ಮನೆ

ಓಸ್ಮೊ ಪಾರ್ತನೆನ್ ಹೇಳಿದ ಸುಳ್ಳು ಒಂದೇ ಒಂದು ಪದದಷ್ಟು. ಮಂಗಳವಾರ ದೋಣಿಕಟ್ಟೆಯ ಅಂಗಡಿಯಿಂದ ಹೆಂಡತಿಗೆ ಫೋನ್ ಮಾಡಿದಾಗ ಅವಳು, “ಮನೆ ಎಲ್ಲಿಗೆ ಬಂತು?” ಎಂದು ಕೇಳಿದಳು.

“ಹೆಚ್ಚುಕಡಿಮೆ ಎದ್ದು ನಿಂತಿದೆ,” ಎಂದ.

ಹೆಚ್ಚುಕಡಿಮೆ ಎಂಬ ಪದದ ಹೊಟ್ಟೆ ದೊಡ್ಡದು. ಅದರೊಳಗೆ ಏನನ್ನು ಬೇಕಾದರೂ ತುರುಕಬಹುದು. ನಿಜಕ್ಕೂ ಅಲ್ಲಿ ನಿಂತಿದ್ದದ್ದು ನಾಲ್ಕು ಮೂಲೆಗಲ್ಲು, ಒಂದು ಗುಡಾರ, ಮತ್ತು ಓಸ್ಮೊ.

“ಹಾಗಾದ್ರೆ ಶನಿವಾರ ನಾನೂ ಬರ್ತೀನಿ. ಐದು ಗಂಟೆಗೆ ದಡಕ್ಕೆ ಬಾ,” ಎಂದು ರಿತ್ವ ಫೋನ್ ಇಟ್ಟಳು.

ಓಸ್ಮೊನದು ಕುವೊಪಿಯೊ ಪಟ್ಟಣದಲ್ಲಿ ಕನ್ನಡಕದ ಅಂಗಡಿ. ಮೂವತ್ತು ವರ್ಷ ಊರವರ ಕಣ್ಣು ಪರೀಕ್ಷಿಸಿದ ಮೇಲೆ, ಉತ್ತರದ ತುದಿಯ ಈ ಸರೋವರದ ದಡದಲ್ಲಿ ತನ್ನ ಕೈಯಾರೆ ಒಂದು ಮರದ ಮನೆ ಕಟ್ಟುತ್ತೇನೆಂದು ಹಟ ಹಿಡಿದಿದ್ದ. ಕಾರ್ಖಾನೆಯಲ್ಲೇ ಕತ್ತರಿಸಿ, ಅಂಕಿ ಬರೆದ ತೊಲೆಗಳು ಮಾರ್ಚಿನಲ್ಲೇ ಹೆಪ್ಪುಗಟ್ಟಿದ ಸರೋವರದ ಮೇಲೆ ಜಾರುಬಂಡಿಯಲ್ಲಿ ಬಂದು ಬಿದ್ದಿದ್ದವು. ಕಟ್ಟುವ ವಿಧಾನದ ಪುಸ್ತಕ ಅಂಚೆಯಲ್ಲಿ ಬಂದಿತ್ತು. ಜೂನ್ ತಿಂಗಳು ಪೂರ್ತಿ ಓಸ್ಮೊ ಅದರ ಮೊದಲ ಪುಟವನ್ನು ಓದಿದ. ಓದಿದಾಗಲೆಲ್ಲ ತಲೆ ಬಿಸಿಯಾಗುತ್ತಿತ್ತು. ಬಿಸಿಯಾದಾಗಲೆಲ್ಲ ಮೀನು ಹಿಡಿಯಲು ಹೋಗುತ್ತಿದ್ದ.

ಶನಿವಾರ ಬೆಳಿಗ್ಗೆ ಆರಕ್ಕೆ ಟಾರ್ಪಾಲು ಸರಿಸಿ, ಮೊದಲ ತೊಲೆಯನ್ನು ಕಲ್ಲಿನ ಮೇಲಿಟ್ಟು, ಕೊಡತಿಯಿಂದ ಒಂದು ಪೆಟ್ಟು ಕೊಟ್ಟ. ಎರಡನೇ ಪೆಟ್ಟು ಹೆಬ್ಬೆರಳಿಗೆ ಬಿತ್ತು. ಆ ನೀರಿನ ಮೇಲೆ ಸದ್ದು ಬಹಳ ದೂರ ಹೋಗುತ್ತದೆ. ಬೈಗುಳವಂತೂ ಇನ್ನೂ ದೂರ. ಅರ್ಧ ಗಂಟೆಯಲ್ಲಿ ಎರಡು ದಿಕ್ಕಿನಿಂದ ನೆರೆಯವರ ಎರಡು ದೋಣಿ ಬಂದವು.

ಒಂದರಲ್ಲಿ ಕಲೆರ್ವೊ. ಮೂವತ್ತು ಚಳಿಗಾಲ ಸರ್ಕಾರಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಜಗತ್ತಿನಲ್ಲಿ ತಳ್ಳಿದರೆ ಸರಿಹೋಗದ್ದು ಯಾವುದೂ ಇಲ್ಲವೆಂದು ನಂಬಿದ್ದವನು. ಇನ್ನೊಂದರಲ್ಲಿ ಹಿಲ್ಕ. ಒಂದು ಕಾಲಕ್ಕೆ ಮರ ಕಡಿಯುವವರ ಬಿಡಾರದಲ್ಲಿ ನಲವತ್ತು ಗಂಡಸರಿಗೆ ಅಡುಗೆ ಮಾಡಿ, ನಲವತ್ತೂ ಜನರ ಬಾಯಿ ಮುಚ್ಚಿಸಿದ್ದವಳು.

“ಕನ್ನಡಕದೋನೇ, ಏನಯ್ಯಾ ಇದು?” ಎಂದ ಕಲೆರ್ವೊ.

“ಮನೆ. ಸಂಜೆ ಐದಕ್ಕೆ ಹೆಂಡತಿ ಬರ್ತಾಳೆ. ಅಷ್ಟರಲ್ಲಿ ಮುಗೀಬೇಕು.”

ಇಬ್ಬರೂ ಒಂದು ತೊಲೆಯ ಮನೆಯನ್ನು ನೋಡಿದರು. ಹಿಲ್ಕ ತೋಳು ಮಡಚಿಕೊಂಡಳು. “ಮೊದಲು ಕಾಫಿ ಆಗ್ಲಿ. ಬರಿ ಹೊಟ್ಟೇಲಿ ಯಾರೂ ಮನೆ ಕಟ್ಟಿಲ್ಲ.”

ತೊಲೆ ಸಮವಾಗಿದೆಯೇ ಎಂದು ನೋಡಲು ಓಸ್ಮೊ ರಸಮಟ್ಟ ತೆಗೆದು ಅದರ ಮೇಲಿಟ್ಟ. ಕಲೆರ್ವೊ ರಸಮಟ್ಟವನ್ನು ಎತ್ತಿ ಹುಲ್ಲಿಗೆ ಎಸೆದ. “ನನ್ನ ಕಣ್ಣಿರುವಾಗ ಅದ್ಯಾಕೆ?” ಎಂದು ಒಂದು ಕಣ್ಣು ಮುಚ್ಚಿ, “ಎಡಗಡೆ ಎರಡು ಬೆರಳು ಏರಿಸು,” ಎಂದ. ಆ ತೆರೆದ ಕಣ್ಣಿಗೆ ಮೈನಸ್ ನಾಲ್ಕರ ಗಾಜು ಬೇಕೆಂದು ಓಸ್ಮೊನಿಗೆ ಅಷ್ಟು ದೂರದಿಂದಲೇ ತಿಳಿಯಿತು. ಆದರೆ ಸಹಾಯಕ್ಕೆ ಬಂದವರಿಗೆ ಹೇಗೆ ಹೇಳುವುದು? ಏರಿಸಿದ.

ಮೂರನೇ ತೊಲೆಗೇ ಗೊಂದಲ ಶುರುವಾಯಿತು. ಪುಸ್ತಕದ ಪ್ರಕಾರ ಅದರ ಉದ್ದ ಆರು ಮೀಟರ್. ಕೈಯಲ್ಲಿದ್ದದ್ದು ಮೂರೂವರೆ.

“ಚಳಿಗೆ ಮರ ಕುಗ್ಗುತ್ತೆ,” ಎಂದ ಕಲೆರ್ವೊ.

“ಎರಡೂವರೆ ಮೀಟರಾ?”

“ಇಲ್ಲಿನ ಚಳಿ ನೀನು ನೋಡಿಲ್ಲ.”

“ಆದ್ರೆ ಎಲ್ಲಾ ತೊಲೇನೂ ಹಾಗೇ ಇದೆಯಲ್ಲ!”

“ಎಲ್ಲಾ ತೊಲೆಗೂ ಅದೇ ಚಳಿ ತಾನೆ?”

ಓಸ್ಮೊನಿಗೆ ಇದರಲ್ಲಿ ಎಲ್ಲೋ ತಪ್ಪಿದೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ಪುಸ್ತಕದ ಮುಂದಿನ ಪುಟ ನೋಡೋಣವೆಂದು ತಿರುಗಿದರೆ ಪುಟವೇ ಇರಲಿಲ್ಲ. ಹಿಲ್ಕ ಅದನ್ನು ಒಲೆ ಹೊತ್ತಿಸಲು ಹರಿದುಕೊಂಡಿದ್ದಳು.

“ಹಿಲ್ಕಕ್ಕಾ! ಅದು ಗೋಡೆಗಳ ಪುಟ!”

“ಗೋಡೆ ಅಂದ್ರೆ ಒಂದರ ಮೇಲೊಂದು ಇಡೋದು. ಅದಕ್ಕೂ ಓದ್ಬೇಕಾ? ಛಾವಣಿ ಪುಟ ಬಿಟ್ಟಿದೀನಿ, ಹೆದರ್ಬೇಡ. ತಗೋ, ಕಾಫಿ.”

ತೊಲೆಗಳಿಗೆ ತಕ್ಕಂತೆ ಮೂಲೆಗಲ್ಲುಗಳನ್ನು ಒಳಗೆ ಸರಿಸಬೇಕಾಯಿತು. ಓಸ್ಮೊ ನಾಲ್ಕು ದಿನ ದಾರ ಹಿಡಿದು ಅಳೆದು ಕೂರಿಸಿದ್ದ ಕಲ್ಲುಗಳನ್ನು ಕಲೆರ್ವೊ ಹತ್ತು ನಿಮಿಷದಲ್ಲಿ ತಳ್ಳಿಬಿಟ್ಟ. ಆಮೇಲೆ ಕೆಲಸ ಓಡತೊಡಗಿತು. ಒಬ್ಬರು ಎತ್ತಿದರು, ಒಬ್ಬರು ಬಡಿದರು, ಒಬ್ಬರು ಬೈದರು. ಸೊಳ್ಳೆಗಳು ಮೂವರಿಗೂ ಸಮನಾಗಿ ಕಚ್ಚಿದವು. ಹನ್ನೊಂದಕ್ಕೆ ಗೋಡೆ ಓಸ್ಮೊನ ಗಲ್ಲದವರೆಗೆ ಬಂತು. ಆಗಲೇ ಅವನು ಒಳಗಿದ್ದಾನೆ, ಬಾಗಿಲಿನ ಚೌಕಟ್ಟು ಹೊರಗಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಕಲೆರ್ವೊ ಅವನನ್ನು ಕಂಕುಳಿಗೆ ಕೈಹಾಕಿ ಮೇಲೆತ್ತಿ, ಬಾವಿಯಿಂದ ಬೆಕ್ಕನ್ನು ತೆಗೆದಂತೆ ಹೊರಗಿಳಿಸಿದ. ಬಾಗಿಲಿನ ಕಡೆಯ ಗೋಡೆಯನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದರು.

ಮಧ್ಯಾಹ್ನ ಸಾಸೇಜು ಸುಟ್ಟು ತಿಂದಾದ ಮೇಲೆ, ಹಿಲ್ಕ ಉಳಿದ ಹಲಗೆಗಳ ಕಟ್ಟೊಂದನ್ನು ಬಿಚ್ಚಿ ಮೂಸಿದಳು. ಬೆರಳಿಂದ ಸವರಿದಳು. ಬಾಗಿಲನ್ನು ನೋಡಿದಳು, ಅದಕ್ಕೆ ಬೀಗವಿರಲಿಲ್ಲ. ಅಂಗೈಯಗಲದ ಒಂದೇ ಒಂದು ಕಿಟಕಿಯನ್ನು ನೋಡಿದಳು.

“ಇದು ಮನೆ ಅಲ್ಲ ಕಣೋ. ಸೌನಾ. ಹಬೆ ಸ್ನಾನದ ಕೋಣೆ. ಇವು ಬೆವರೋಕೆ ಕೂರೋ ಹಲಗೆಗಳು.”

ಓಸ್ಮೊ ಹಲಗೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ.

“ನಾನು ತರಿಸಿದ್ದು ಎರಡು ಕೋಣೆ, ಅಡುಗೆಮನೆ, ಜಗಲಿ,” ಎಂದ ಓಸ್ಮೊ. ಧ್ವನಿ ಕೀಚಲಾಗಿತ್ತು. “ಜಗಲಿ ಎಲ್ಲಿ?”

ಕಲೆರ್ವೊ ಟಾರ್ಪಾಲಿನ ಅಡಿ ಬಗ್ಗಿ ನೋಡಿದ. “ಇಲ್ಲಿಲ್ಲ.”

“ಅಯ್ಯೋ, ಯಾಕೆ ಅಳ್ತೀಯ?” ಎಂದಳು ಹಿಲ್ಕ. “ಮೊದಲು ಸೌನಾ, ಆಮೇಲೆ ಮನೆ. ನಮ್ಮಪ್ಪ ಹಾಗೇ ಕಟ್ಟಿದ್ದು. ಮೂರು ವರ್ಷ ಒಂಬತ್ತು ಜನ ಅದರಲ್ಲೇ ಇದ್ವಿ. ನಾನು ಹುಟ್ಟಿದ್ದೇ ಅದರಲ್ಲಿ.”

“ರಿತ್ವ ಅಲ್ಲಿ ಹುಟ್ಟೋಕೆ ಬರ್ತಿಲ್ಲ ಹಿಲ್ಕಕ್ಕ!”

ಆದರೂ ಅರ್ಧ ಕಟ್ಟಿದ್ದನ್ನು ಬಿಟ್ಟು ಏನು ಮಾಡುವುದು? ಏನೂ ಇಲ್ಲದ್ದಕ್ಕಿಂತ ಸೌನಾ ಮೇಲು. ಒಳಗೆ ಮೂರು ಅಂತಸ್ತಿನ ಹಲಗೆ ಬಂತು, ಮೂಲೆಯಲ್ಲಿ ಒಲೆ ಬಂತು, ಛಾವಣಿಯಿಂದ ಹೊಗೆಕೊಳವೆ ಮೇಲೆದ್ದಿತು. ಮೂರು ಗಂಟೆಗೆ ಮೂವರೂ ದೂರ ನಿಂತು ನೋಡಿದರು. ಕಲೆರ್ವೊನ ಕಣ್ಣಿನ ಅಳತೆಯಲ್ಲಿ ಕಟ್ಟಿದ್ದರಿಂದ, ಅದು ಯಾರೋ ಹೇಳುವ ಗುಟ್ಟನ್ನು ಕೇಳಲು ವಾಲಿದಂತೆ ನಿಂತಿತ್ತು. ಆದರೂ ನಿಂತಿತ್ತು. ಓಸ್ಮೊ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ತನ್ನ ಕೈಯಲ್ಲಿ ಕಟ್ಟಿದ್ದು!

“ಪರವಾನಿಗೆ ಇದೆ ತಾನೆ?” ಎಂದು ಕಲೆರ್ವೊ ಸುಮ್ಮನೆ ಕೇಳಿದ.

“ಯಾವ ಪರವಾನಿಗೆ?”

“ಕಟ್ಟೋಕೆ. ನಗರಸಭೆಯಿಂದ.”

“ಅದು ತೊಲೆಗಳ ಜೊತೇಲೇ ಬರುತ್ತೆ ಅಂದ್ಕೊಂಡಿದ್ದೆ.”

ಹಿಲ್ಕ ಕಾಫಿ ಲೋಟ ಕೆಳಗಿಟ್ಟಳು. “ಹುಚ್ಚಪ್ಪ! ಒಲೆ ಇರೋದನ್ನ ಪರವಾನಿಗೆ ಇಲ್ದೆ ಕಟ್ಟಿದ್ರೆ ನೆಲಸಮ ಮಾಡಿಸ್ತಾರೆ. ಸೌದೆ ಕೊಟ್ಟಿಗೆ ಆಗಿದ್ರೆ ಯಾರೂ ಕೇಳಲ್ಲ.”

ಅಷ್ಟರಲ್ಲಿ ಕೊಲ್ಲಿಯ ತಿರುವಿನಿಂದ ಮೋಟಾರು ದೋಣಿಯೊಂದು ಬಂತು. ಅದರಲ್ಲಿ ಹಳದಿ ಅಂಗಿ ತೊಟ್ಟ, ಕಂಕುಳಲ್ಲಿ ಕಡತ ಇಟ್ಟುಕೊಂಡ ಒಬ್ಬ ಅಪರಿಚಿತ.

“ಬಂದ ನೋಡು ಇನ್‌ಸ್ಪೆಕ್ಟರು,” ಎಂದು ಕಲೆರ್ವೊ ಪಿಸುಗುಟ್ಟಿದ. “ಸೌದೆ! ಸೌದೆ ತುಂಬಿ ಒಳಗೆ!”

ದೋಣಿ ದಡ ಮುಟ್ಟುವಷ್ಟರಲ್ಲಿ ಮೂವರೂ ಇರುವೆಗಳಂತೆ ಓಡಾಡಿ ಗುಡಾರದ ಪಕ್ಕದಲ್ಲಿದ್ದ ಸೌದೆಯನ್ನು ಹಲಗೆಗಳ ಮೇಲೆಲ್ಲ ಪೇರಿಸಿಬಿಟ್ಟಿದ್ದರು. ಒಲೆಯ ಮೇಲೆ ಹಿಲ್ಕ ತನ್ನ ಶಾಲು ಹೊದಿಸಿದ್ದಳು.

“ಓಸ್ಮೊ ಪಾರ್ತನೆನ್ ಅವರಾ?” ಎಂದ ಆತ ಟೋಪಿ ತೆಗೆದು. “ನಾನು—”

“ಗೊತ್ತು, ಗೊತ್ತು, ನೀವ್ಯಾರು ಅಂತ. ಕಾಫಿ ತಗೊಳ್ಳಿ,” ಎಂದಳು ಹಿಲ್ಕ.

ಆತ ಲೋಟ ಹಿಡಿದು ಕಟ್ಟಡವನ್ನು ನೋಡಿದ. “ಇಲ್ಲಿ ಒಂದು ಮನೆ ಇರಬೇಕಿತ್ತಲ್ಲ?”

“ಮನೆನಾ? ಇಲ್ಲ ಇಲ್ಲ. ಇದು ಸೌದೆ ಕೊಟ್ಟಿಗೆ,” ಎಂದ ಓಸ್ಮೊ.

“ಸೌದೆ ಕೊಟ್ಟಿಗೆಗೆ ಹೊಗೆಕೊಳವೆ?”

“ಸೌದೆ ಉಸಿರಾಡ್ಬೇಕಲ್ವಾ,” ಎಂದ ಕಲೆರ್ವೊ.

ಆತ ಒಳಗೆ ಇಣುಕಿದ. “ಮೂರು ಅಂತಸ್ತಿನ ಹಲಗೆ?”

“ಹಸಿ ಸೌದೆ ಕೆಳಗೆ, ಅರೆ ಒಣಗಿದ್ದು ಮಧ್ಯೆ, ಒಣಗಿದ್ದು ಮೇಲೆ. ನಮ್ಮ ಕಡೆ ಹೀಗೇ,” ಎಂದಳು ಹಿಲ್ಕ.

ಆತ ಹುಬ್ಬು ಗಂಟಿಕ್ಕಿ ಓಸ್ಮೊನ ಕಡೆ ತಿರುಗಿದ. ಮುಖದಲ್ಲಿ ಕೋಪವಿರಲಿಲ್ಲ, ಏನೋ ಸಂಕೋಚವಿದ್ದಂತಿತ್ತು. “ನೋಡಿ, ಸರಿಯಾಗಿ ಯೋಚನೆ ಮಾಡಿ ಹೇಳಿ. ನಿಮಗೆ ಬೇಕಾಗಿದ್ದದ್ದು ಇದೇನಾ?”

“ಇದೇ.”

“ಬೇರೆ ಏನೂ ಬರಬೇಕಾಗಿರಲಿಲ್ವಾ? ದೊಡ್ಡದು?”

“ದೊಡ್ಡದು ನಂಗ್ಯಾಕೆ? ನಾನು ಸಣ್ಣ ಮನುಷ್ಯ.”

“ಇದರಲ್ಲೇ ತೃಪ್ತಿನಾ?”

“ತುಂಬಾ ತೃಪ್ತಿ,” ಎಂದು ಓಸ್ಮೊ ಎದೆ ಮೇಲೆ ಕೈಯಿಟ್ಟ. ಬೆವರು ಕನ್ನಡಕದ ಮೇಲೆ ತೊಟ್ಟಿಕ್ಕುತ್ತಿತ್ತು.

“ಹಾಗಾದ್ರೆ ಅದನ್ನೇ ಬರೆದು ಇಲ್ಲೊಂದು ಸಹಿ ಹಾಕಿ.”

ಓಸ್ಮೊ ಕಾಗದದಲ್ಲಿ ಏನಿದೆಯೆಂದು ಓದದೆ ಬರೆದು, ಅಡಿಗೆರೆಯೆಳೆದು ಸಹಿ ಹಾಕಿದ. ಆತನ ಮುಖ ಅರಳಿತು. ಕೈಕುಲುಕಿ, “ನಿಮ್ಮಂಥೋರು ಅಪರೂಪ,” ಎಂದು ಹೇಳಿ ದೋಣಿ ಹತ್ತಿದ. ಕಲೆರ್ವೊ ಓಸ್ಮೊನ ಬೆನ್ನು ತಟ್ಟಿದ ರಭಸಕ್ಕೆ ಅವನ ಕನ್ನಡಕ ಪೊದೆಯಲ್ಲಿ ಬಿತ್ತು.

ಐದಕ್ಕೆ ಸರಿಯಾಗಿ ರಿತ್ವ ಬಂದಳು. ಚೀಲವನ್ನು ಗಂಡನ ಕೈಗೆ ಕೊಡುತ್ತಲೇ ಮಾತು ಶುರು ಮಾಡಿದಳು. “ದೋಣಿಕಟ್ಟೇಲಿ ಒಬ್ರು ಸಿಕ್ಕಿದ್ರು. ತೊಲೆ ಕಾರ್ಖಾನೆಯವರು. ಪಾಪ, ಎಷ್ಟು ಒಳ್ಳೆ ಮನುಷ್ಯ! ಮಾರ್ಚ್‌ನಲ್ಲಿ ಎರಡು ಜಾರುಬಂಡಿ ಅದಲುಬದಲಾಗಿಬಿಟ್ಟಿತ್ತಂತೆ. ಯಾರದೋ ಮನೆ ಆಚೆ ದಡದ ಹಲ್ಲಿನ ಡಾಕ್ಟರಿಗೆ, ಡಾಕ್ಟರ ಸೌನಾ ಆ ಮನೆಯವನಿಗೆ. ತಪ್ಪು ನಮ್ಮದು ಅಂತ ಇಬ್ಬರು ಬಡಗಿಗಳನ್ನ ದೋಣಿಕಟ್ಟೆವರೆಗೂ ಕರ್ಕೊಂಡು ಬಂದಿದ್ರಂತೆ, ಸರಿಯಾದ ಮನೇನ ತಾವೇ ಕಟ್ಟಿಕೊಟ್ಟು ಹೋಗೋಕೆ. ಆದ್ರೆ ಆ ಪುಣ್ಯಾತ್ಮ, ನನಗೆ ಬಂದದ್ದೇ ಸಾಕು ಅಂತ ಬರೆದುಕೊಟ್ನಂತೆ. ಮನೆ ಡಾಕ್ಟರೇ ಇಟ್ಕೊಂಡ್ರಂತೆ. ಅಂಥ ಪೆದ್ದ ಯಾರಿರಬಹುದು ಓಸ್ಮೊ? ... ಓಸ್ಮೊ?”

ಓಸ್ಮೊ ಚೀಲದ ಮೇಲೆ ಕೂತುಬಿಟ್ಟಿದ್ದ.

ರಿತ್ವ ಅವನನ್ನು ನೋಡಿದಳು. ಅವನ ಹಿಂದೆ ವಾಲಿ ನಿಂತಿದ್ದನ್ನು ನೋಡಿದಳು. ಬಾಗಿಲು ತೆಗೆದಳು, ನಾಲ್ಕು ತುಂಡು ಸೌದೆ ಉರುಳಿ ಕಾಲಬುಡಕ್ಕೆ ಬಿತ್ತು.

“ಪರವಾನಿಗೆ ಇರ್ಲಿಲ್ಲ ರಿತ್ವ,” ಎಂದು ಅವನು ತೊದಲಿದ. “ಇನ್‌ಸ್ಪೆಕ್ಟರು ಅಂದ್ಕೊಂಡೆ. ಒಡೆಸಿಬಿಡ್ತಾರೆ ಅಂತ ಹೆದರಿ...”

“ಇರ್ಲಿಲ್ಲ ಅಂತ ಯಾರು ಹೇಳಿದ್ದು?” ರಿತ್ವ ಕೈಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದಳು. “ನಿನ್ನ ನಂಬ್ಕೊಂಡ್ರೆ ಆಗುತ್ತಾ? ಹೋದ ಅಕ್ಟೋಬರ್‌ನಲ್ಲೇ ನಾನು ಮಾಡಿಸಿದ್ದೆ.”

ಕಲೆರ್ವೊ ಕಾಗದ ತೆಗೆದುಕೊಂಡು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಗಟ್ಟಿಯಾಗಿ ಓದಿದ. “ಎರಡು ಕೋಣೆ... ಅಡುಗೆಮನೆ... ಜಗಲಿ...” ಹಿಂದೆ ತಿರುಗಿಸಿ ನೋಡಿದ. “ಸೌನಾ ಅಂತ ಎಲ್ಲೂ ಇಲ್ವಲ್ಲ ಮಾರಾಯ.”

ಹಿಲ್ಕ ಇಣುಕಿ ನೋಡಿ ಹೌದೆಂದು ತಲೆಯಾಡಿಸಿದಳು. ಇಲ್ಲದ ಮನೆಗೆ ಪರವಾನಿಗೆ ಇತ್ತು. ಇದ್ದ ಸೌನಾಗೆ ಇರಲಿಲ್ಲ.

ರಿತ್ವ ಕಾಗದವನ್ನು ಕಲೆರ್ವೊನ ಕೈಯಿಂದ ಕಿತ್ತುಕೊಂಡಳು. ಅದನ್ನು ಮಡಚಿ ಚೀಲದೊಳಗಿಟ್ಟು, ಕೋಟು ಬಿಚ್ಚಿ, ತೋಳು ಮೇಲೇರಿಸಿ, ಛಾವಣಿಯ ಕಡೆ ನೋಡಿದಳು.

“ಏಳು,” ಎಂದಳು. “ಯಾವ ಕಡೆಯಿಂದ ಬಿಚ್ಚೋದು, ತೋರಿಸು.”