ನಮ್ಮತ್ತೆಯ ಗುಟ್ಟಿನ ಕಾರೆ ಗಿಡ

ಚಳಿ ಬಿದ್ದು ಗುಡ್ಡದ ಕಾರೆ ಹಣ್ಣು ಹಳದಿಯಾಗುವುದೇ ತಡ, ನಮ್ಮ ಮನೆಯಲ್ಲಿ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ನಾನು ಮಡಕಶಿರಾ ಕಡೆಯವಳು, ರಾಯದುರ್ಗಕ್ಕೆ ಸೊಸೆಯಾಗಿ ಬಂದವಳು. ವಾರವೆಲ್ಲ ಕಾರ್ಖಾನೆಯಲ್ಲಿ ಜೀನ್ಸ್ ಹೊಲಿಯುತ್ತೇನೆ, ಭಾನುವಾರ ಅತ್ತೆಯ ಜೊತೆ ಹಣ್ಣು ಕೀಳುತ್ತೇನೆ. ಗುಮ್ಮಘಟ್ಟದ ಕಡೆ ಅತ್ತೆಗೆ ಒಂದು ಗುಟ್ಟಿನ ಗಿಡವಿತ್ತು. ಅದರ ಹಣ್ಣಿನ ಸಿಹಿ ಸುತ್ತಮುತ್ತ ಎಲ್ಲೂ ಇಲ್ಲ. ಹೆತ್ತ ಮಕ್ಕಳಿಗೂ ಅದನ್ನು ತೋರಿಸಿರಲಿಲ್ಲ. ನನಗೆ ತೋರಿಸಿದ ದಿನವೇ ನಾನು ನಿಜವಾಗಿ ಈ ಮನೆಯವಳಾಗುವುದು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ‘ಅತ್ತೆ, ಗಿಡ ಎಲ್ಲೈತಿ?’ ಎಂದರೆ, ‘ಗುಡ್ಡದಾಗ’ ಎನ್ನುತ್ತಿದ್ದರು. ನಮ್ಮ ಊರಲ್ಲಿ ಕತ್ತು ಎತ್ತಿದ ಕಡೆಯೆಲ್ಲ ಗುಡ್ಡ.

ಪ್ಯಾಂಟಿನ ತೋಳು

ಮೊದಲ ಸಲ ಹಣ್ಣಿಗೆ ಹೋದಾಗ ಮುಳ್ಳು ನನ್ನ ಎರಡೂ ಕೈ ಗೀರಿ ಹಾಕಿತ್ತು. ಮರುದಿನ ಮಿಷನ್ ಮುಂದೆ ಕೂತರೆ ಸೂಪರ್‌ವೈಸರ್, ‘ಏಮ್ಮಾ, ಪಿಲ್ಲಿ ಗೀರಿಂದಾ?’ ಎಂದು ತೆಲುಗಿನಲ್ಲಿ ಕೇಳಿದರು.

‘ಬೆಕ್ಕಲ್ಲ ಸಾರ್, ಕಾರೆ ಮುಳ್ಳು’ ಎಂದೆ. ಹೊಲಿಗೆ ಕೆಟ್ಟ ಒಂದು ಪ್ಯಾಂಟನ್ನು ಅವರನ್ನೇ ಕೇಳಿ ತಂದು, ಕಾಲೆರಡೂ ಕತ್ತರಿಸಿ, ಎಲಾಸ್ಟಿಕ್ ಹಾಕಿ ಭುಜದವರೆಗೆ ಏರುವ ತೋಳು ಮಾಡಿದೆ. ಮುಳ್ಳಿನ ಆಟ ಅಲ್ಲಿಗೆ ಮುಗಿಯಿತು. ಈಗ ನಮ್ಮ ಓಣಿಯ ಹೆಂಗಸರೆಲ್ಲ ನಾನು ಹೊಲಿದ ತೋಳನ್ನೇ ಹಾಕುವುದು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಶೇರ್ ಆಟೋದವನು ಅತ್ತೆಯನ್ನು ನೋಡಿ, ‘ಪ್ಯಾಂಟು ಕೈಗೆ ಹಾಕ್ಕಂಡೀರಿ, ಕಾಲಿಗೇನು ಹಾಕ್ತೀರಮ್ಮಾ?’ ಎಂದ.

‘ರವಿಕಿ ಹಾಕ್ತೀನಿ. ನೀ ಮುಂದ ನೋಡಿ ಓಡ್ಸಪ್ಪ’ ಎಂದರು ಅತ್ತೆ.

ಎಲ್ಲರಿಗೂ ಬೇರೆ ಕೆಲಸ

ಒಳ್ಳೆಯ ಗಿಡ ಎಲ್ಲಿದೆ ಎಂದು ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಹಣ್ಣಿಗೆ ಹೊರಟಿದ್ದೇವೆ ಎಂದೂ ಯಾರೂ ಬಾಯಿ ಬಿಡುವುದಿಲ್ಲ. ಒಂದು ಭಾನುವಾರ ಆಟೋದಲ್ಲಿ ಎದುರುಮನೆಯಾಕೆ ಸಿಕ್ಕಳು. ‘ನಾದಿನಿಗೆ ಹುಷಾರಿಲ್ರಿ, ನೋಡಾಕ ಹೊಂಟೀನಿ’ ಎಂದಳು. ಅತ್ತೆ, ‘ನಾವು ಸೌದಿ ಆರ್ಸಾಕ’ ಎಂದರು. ಗುಡ್ಡದ ಹತ್ತಿರ ಎಲ್ಲರೂ ಒಂದೇ ಕಡೆ ಇಳಿದೆವು. ‘ನೀವು ಮುಂದ ಹೋಗ್ರಿ’, ‘ಇಲ್ರಿ, ನೀವು ಹೋಗ್ರಿ’ ಎನ್ನುತ್ತ ಬಿಸಿಲೇರುವ ತನಕ ಯಾರೂ ಕದಲಲಿಲ್ಲ. ಕೊನೆಗೆ ಆಕೆಗೆ ಸೀನು ಬಂತು. ಮೂಗೊರೆಸಲು ಚೀಲದಿಂದ ಬಟ್ಟೆ ಎಳೆದರೆ ಬಂದದ್ದು ಜೀನ್ಸಿನ ತೋಳು.

ಅತ್ತೆ ಮೆಲ್ಲಗೆ ಕೇಳಿದರು: ‘ನಿಮ್ಮ ನಾದಿನಿ ಪರಚ್ತಾಳೇನ್ರಿ?’

ಬೀಗಿತ್ತಿಯರ ಪಂದ್ಯ

ಹೋದ ಚಳಿಗಾಲ ನಮ್ಮಮ್ಮ ಮಡಕಶಿರಾದಿಂದ ಒಂದು ಚೀಲ ಕಾರೆ ಹಣ್ಣು ತಂದಳು. ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನನ್ನ ತವರಿನ ಮರ್ಯಾದೆಯೆಲ್ಲ ಆ ಒಂದು ಹಣ್ಣಿನ ಮೇಲೆ ನಿಂತಿತ್ತು.

‘ಚಲೋ ಅದಾವ. ಸಕ್ಕರಿ ಹಾಕೀರೇನ್ರಿ?’ ಎಂದರು ಅತ್ತೆ.

‘ಹೂಂ ಕಣಕ್ಕ, ಗಿಡದ ಬುಡಕ್ಕೇ ಹಾಕಿದ್ವಿ’ ಎಂದಳು ಅಮ್ಮ.

ನಾನು ಒಳಗೆ ಹೋಗಿ ನಕ್ಕು ಬಂದೆ. ಅತ್ತೆ ಮಾತ್ರ ‘ನಮ್ಮ ಗಿಡದಷ್ಟಿಲ್ಲ, ನಮ್ಮ ಗಿಡದಷ್ಟಿಲ್ಲ’ ಎನ್ನುತ್ತಲೇ ಸಂಜೆಗೆ ಚೀಲ ಖಾಲಿ ಮಾಡಿದರು.

ಗುಡ್ಡದ ಕರಡಿ

ಮುಂದಿನ ಭಾನುವಾರ ಅತ್ತೆ ನನ್ನನ್ನು ಅಲುಗಿಸಿ ಎಬ್ಬಿಸಿದರು. ‘ಏಳವ್ವ. ನಮ್ಮ ಗಿಡದ ಹಣ್ಣು ಅಂದ್ರ ಏನಂತ ನಿಮ್ಮವ್ವಗ ಗೊತ್ತಾಗ್ಲಿ. ಚೀಲ ತುಂಬಾಕ ನನ್ನೊಬ್ಬಾಕಿ ಕೈಲಿ ಆಗಂಗಿಲ್ಲ.’

ನನಗೆ ಕುಣಿಯುವಷ್ಟು ಖುಷಿ. ಯಾರಾದರೂ ಹಿಂದೆ ಬಂದಾರೆಂದು ಸುತ್ತಿ ಬಳಸಿ ನಡೆಸಿದರು. ‘ಯಾರಿಗೂ ಹೇಳಬ್ಯಾಡ, ನಿಮ್ಮ ಮಾವಗೂ’ ಎಂದರು. ಮಾವನಿಗೆ ಹೇಳಿದರೂ ನಷ್ಟವಿರಲಿಲ್ಲ. ‘ಅದು ಆಡು ತಿನ್ನೋದು, ಮನುಷ್ಯರು ತಿಂತಾರೇನು?’ ಎಂದು ಒಂದು ದಿನವೂ ಹಣ್ಣು ಮುಟ್ಟದ ಮನುಷ್ಯ ಅವರು.

ದೊಡ್ಡ ಬಂಡೆಯ ಹಿಂದೆ ಗಿಡ ಕಾಣಿಸಿತು. ಜೋರಾಗಿ ಅಲುಗಾಡುತ್ತಿತ್ತು.

‘ಕರಡಿ!’ ಎಂದೆ. ನಮ್ಮ ಗುಡ್ಡಗಳಲ್ಲಿ ಅದು ತಮಾಷೆಯಲ್ಲ. ನಾನು ಓಡಲು ತಿರುಗಿದೆ. ಅತ್ತೆ ಓಡಲಿಲ್ಲ. ‘ನನ್ನ ಹಣ್ಣು!’ ಎಂದು ಕೂಗಿ, ಒಣಕೊಂಬೆ ಎತ್ತಿಕೊಂಡು ಕರಡಿಯ ಮೇಲೇ ನುಗ್ಗಿದರು. ಅಂಥ ಅತ್ತೆ ಯಾರಿಗಿದ್ದಾರೆ ಹೇಳಿ!

‘ಹೊಡೀಬ್ಯಾಡ, ಹೊಡೀಬ್ಯಾಡ’ ಎಂದು ಗಿಡದ ಮರೆಯಿಂದ ಮಾವ ಹೊರಗೆ ಬಂದರು. ಟವೆಲಿನ ತುಂಬ ಹಣ್ಣು, ಬಾಯಿ ತುಂಬ ಹಣ್ಣು.

‘ಇಲ್ಲೇನು ಮಾಡಾಕ ಹತ್ತೀರಿ?’ ಎಂದರು ಅತ್ತೆ.

‘ಆಡು ತಪ್ಪಿಸ್ಕಂಡಿತ್ತು. ಹುಡುಕಾಕ ಬಂದಿದ್ದೆ.’

‘ನಮ್ಮನಿಯಾಗ ಆಡು ಎಲ್ಲಿ ಅದಾವ್ರಿ?’

ಮಾವ ನಿಧಾನವಾಗಿ ಬೀಜ ಉಗುಳಿದರು. ‘ಅದಕ್ಕ ನೋಡು, ಸಿಗವಲ್ದು.’

ಅತ್ತೆ ಕೊಂಬೆಯನ್ನು ನನ್ನ ಕೈಗೆ ಕೊಟ್ಟರು. ‘ತಗೋ ಸೊಸಿ. ಇವತ್ತಿಂದ ಈ ಗಿಡ ನಿಂದು. ಹಣ್ಣು ಕೀಳೋದೂ ನಿಂದ, ಈ ಕರಡಿ ಕಾಯೋದೂ ನಿಂದ.’