ಮಗ್ಗದ ಸದ್ದಿನಲ್ಲಿ ನಮ್ಮತ್ತೆಯ ಇಂಗ್ಲಿಷು

ನಮ್ಮತ್ತೆ ಗುಟ್ಟು ಹೇಳಿದರೆ ನೆಲಮಂಗಲಕ್ಕೆ ಕೇಳುತ್ತದೆ. ಇದು ಅತಿಯಾಯಿತು ಅನ್ನಿಸಿದರೆ ನೀವು ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಒಮ್ಮೆಯೂ ಬಂದಿಲ್ಲ ಎಂದೇ ಅರ್ಥ. ಬಂದಿದ್ದರೆ ನೀವೂ ಇಷ್ಟು ಹೊತ್ತಿಗೆ ಕಿವಿ ಮುಚ್ಚಿಕೊಂಡು ನೆಲಮಂಗಲದ ಕಡೆಗೇ ಓಡಿರುತ್ತಿದ್ದಿರಿ!

ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮದು ನೇಯ್ಗೆಯವರ ಮನೆ. ನಡುಮನೆಯ ಗೋಡೆಯಾಚೆ ಕರೆಂಟಿನ ಮಗ್ಗಗಳು ಬೆಳಗಾದರೆ ಶುರುವಾಗಿ ರಾತ್ರಿ ಊಟದ ತನಕ ಬಡಿದುಕೊಳ್ಳುತ್ತಲೇ ಇರುತ್ತವೆ. ಅಂಥ ಮನೆಯಲ್ಲಿ ಹುಟ್ಟಿದವರು ಒಂದೋ ಗಂಟಲು ಹರಿಯುವಂತೆ ಕೂಗಬೇಕು, ಇಲ್ಲವೇ ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳಬೇಕು. ನಾವೆಲ್ಲ ಎರಡನ್ನೂ ಕಲಿತವರು. ಅತ್ತೆ ಎರಡರಲ್ಲೂ ರ‍್ಯಾಂಕು ಬಂದವಳು. ನನಗೆ ಹೆಸರಿಟ್ಟ ದಿನ ಸೋದರತ್ತೆಯಾದವಳು ಮಗುವಿನ ಕಿವಿಯಲ್ಲಿ ಮೆಲ್ಲಗೆ ಹೆಸರು ಹೇಳಬೇಕಲ್ಲ, ಇವಳೂ ಮೆಲ್ಲಗೇ ಹೇಳಿದಳಂತೆ. ಸಂಜೆಯವರೆಗೆ ನನ್ನ ಅಳು ನಿಲ್ಲಲಿಲ್ಲವಂತೆ. ಒಂದು ಅನುಕೂಲವೂ ಆಯಿತು ಅನ್ನಿ, ಪಕ್ಕದ ಬೀದಿಯವರಿಗೆ ನನ್ನ ಹೆಸರನ್ನು ಬೇರೆಯಾಗಿ ಹೇಳುವ ಕೆಲಸ ತಪ್ಪಿತು.

ಈ ಗಂಟಲಿನಿಂದಲೇ ಅವಳ ಮದುವೆ ತಪ್ಪಿತು. ನೋಡಲು ಬಂದ ಗಂಡಿನ ಕಡೆಯವರಿಗೆ "ಕಾಫಿ ತಗೊಳ್ಳಿ" ಎಂದಳು, ಅಷ್ಟೇ. ಹುಡುಗನ ತಾಯಿ ಲೋಟ ಕೈಬಿಟ್ಟರು.

"ಹುಡುಗಿಗೆ ಕೋಪ ಜಾಸ್ತಿನಾ?" ಎಂದು ನಮ್ಮ ತಾತನನ್ನು ಕೇಳಿದರಂತೆ.

"ಅಯ್ಯೋ, ಕೋಪ ಬಂದ್ರೆ ಇವಳು ಮಾತೇ ಆಡಲ್ಲ ಬಿಡಿ" ಎಂದರಂತೆ ತಾತ. ಇದ್ದದ್ದು ಇದ್ದಂತೆ ಹೇಳಿದರು, ಪಾಪ. ಬಂದವರಿಗೆ ಸಮಾಧಾನವಾಗಲಿಲ್ಲ. ಇನ್ನೊಂದು ಕಡೆಯವರು ಮದುವೆಯಾದ ಮೇಲೆ ಸ್ವಲ್ಪ ಮೆತ್ತಗೆ ಮಾತಾಡಬೇಕು ಎಂದು ಷರತ್ತು ಹಾಕಿದರು. "ಬೇರೆ ಏನ್ ಬೇಕಾದ್ರೂ ಕೇಳಿ, ಗಂಟಲು ಮಾತ್ರ ಕೊಡಕ್ಕಾಗಲ್ಲ" ಎಂದು ಅತ್ತೆಯೇ ಆ ಬಾಗಿಲು ಹಾಕಿದಳು. ಹಾಕಿ, ಊರಿನ ಒಂದು ಸಣ್ಣ ಖಾಸಗಿ ಶಾಲೆಗೆ ಕನ್ನಡ ಟೀಚರಾಗಿ ಸೇರಿಕೊಂಡಳು.

ಆ ಶಾಲೆಗೆ ಇವಳಿಗಿಂತ ತಕ್ಕವರು ಸಿಗುವುದು ಸಾಧ್ಯವಿತ್ತೇ? ತಗಡಿನ ಚಾವಣಿ. ಜೋರು ಮಳೆ ಬಂದರೆ ಮಿಕ್ಕ ಕ್ಲಾಸುಗಳೆಲ್ಲ ನಿಂತುಹೋಗುತ್ತಿದ್ದವು, ಅತ್ತೆಯ ಪಾಠ ಮಾತ್ರ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ಪಿಸುಗುಟ್ಟಿದರೆ ತುಟಿ ನೋಡಿಯೇ ಹಿಡಿಯುತ್ತಿದ್ದಳು. ಇನ್ನು ಪದ್ಯ ಹೇಳಿಕೊಟ್ಟಳೆಂದರೆ ರಸ್ತೆಯವರಿಗೂ ಬಾಯಿಪಾಠ. ನಮ್ಮೂರಿನ ಆಟೋದವರೊಬ್ಬರು ಏಳನೇ ತರಗತಿಯ ಪದ್ಯಗಳನ್ನೆಲ್ಲ ಒಂದಕ್ಷರ ತಪ್ಪದೆ ಹೇಳುತ್ತಾರೆ. ಅವರು ಆ ಶಾಲೆಗೆ ಹೋದವರಲ್ಲ, ಶಾಲೆಯ ಎದುರು ಆಟೋ ನಿಲ್ಲಿಸುತ್ತಿದ್ದವರು!

ಹೀಗೆ ಎಲ್ಲರೂ ಸುಖವಾಗಿದ್ದಾಗ ಶಾಲೆ ಕೈಬದಲಾಯಿತು. ಹೊಸ ಆಡಳಿತದವರು ತಗಡು ತೆಗೆಸಿ, ಗಾಜು ಹಾಕಿಸಿ, ಹೆಸರಿನ ಬಾಲಕ್ಕೆ "ಇಂಟರ್‌ನ್ಯಾಷನಲ್" ಅಂಟಿಸಿದರು. ದೇವನಹಳ್ಳಿಗೆ ವಿಮಾನ ಬಂದಾಗಿನಿಂದ ನಮ್ಮ ಕಡೆ ಈ ಮಾತು ಬಹಳ ಅಗ್ಗ. ಇಂಟರ್‌ನ್ಯಾಷನಲ್ ಬೇಕರಿ ಇದೆ, ಇಂಟರ್‌ನ್ಯಾಷನಲ್ ಸಲೂನ್ ಇದೆ, ಅಲ್ಲಿ ಕ್ಷೌರ ಮಾತ್ರ ಹಿಂದಿನ ಹಾಗೆಯೇ ಇದೆ. ಶಾಲೆಗೆ ಒಬ್ಬರು ಹೊಸ ಪ್ರಿನ್ಸಿಪಾಲರು ಬಂದರು, ಚಿಕ್ಕ ವಯಸ್ಸು, ಇರುವೆಗೂ ನೋವಾಗದಂಥ ದನಿ. ಅವರು ಟೀಚರುಗಳನ್ನೆಲ್ಲ ಕರೆದು, ಪ್ರತಿಯೊಬ್ಬರೂ ಕಂಪ್ಯೂಟರಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಮಾತಾಡುವ ಪರೀಕ್ಷೆ ಪಾಸು ಮಾಡಬೇಕೆಂದರು. ಮಾತಾಡಬೇಕಾದ ವಿಷಯ: ಶಾಲೆಯ ಪಾಠಗಳು ಮತ್ತು ಶಿಕ್ಷಣ.

"ಮೇಡಂ, ನಾನು ಹೇಳ್ಕೊಡೋದು ಕನ್ನಡ" ಎಂದಳಂತೆ ಅತ್ತೆ.

"ಐ ನೋ ಮ್ಯಾಮ್. ಆದ್ರೆ ಮಗು ಕನ್ನಡದಲ್ಲಿ ವೀಕು ಅಂತ ಪೇರೆಂಟ್ಸ್‌ಗೆ ಇಂಗ್ಲಿಷಲ್ಲೇ ಹೇಳ್ಬೇಕಲ್ವಾ?"

ಪಾಸಾಗದಿದ್ದರೆ ಏನು ಎಂದು ಅತ್ತೆ ಕೇಳಿದಳು. ದಸರಾ ರಜೆ ಮುಗಿದ ಮೇಲೆ ಅವಳ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ಅದೇ ಮೆತ್ತನೆ ದನಿಯಲ್ಲಿ ಉತ್ತರ ಬಂತು. ಆ ದಿನ ಮನೆಗೆ ಬಂದು ತಟ್ಟೆಯ ಮುಂದೆ ಕೂತಳು, ಮುದ್ದೆ ಆರಿತು. ಆ ಕ್ಲಾಸು ಬಿಟ್ಟರೆ ಅವಳದು ಎಂದು ಇನ್ನೇನಿತ್ತು? ಮೆಲ್ಲಗೆ ಮಾತಾಡು ಎಂದು ಯಾರೂ ಅವಳಿಗೆ ಹೇಳದ ಜಾಗ ಅದೊಂದೇ.

ಅವಳನ್ನು ಪರೀಕ್ಷೆಗೆ ತಯಾರು ಮಾಡುವ ಕೆಲಸ ನನ್ನ ತಲೆಗೆ ಬಂತು. ನಾನು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂರುವವಳು. ಕಿಟಕಿ ಸೀಟು ಬೇಕೋ ಓಡಾಡುವ ದಾರಿಯ ಪಕ್ಕದ ಸೀಟು ಬೇಕೋ, ಬ್ಯಾಗಿನಲ್ಲಿ ಬ್ಯಾಟರಿ ಇದೆಯೋ, ಇಷ್ಟನ್ನು ಮುಖ ಅರಳಿಸಿ ಕೇಳುವಷ್ಟು ಇಂಗ್ಲಿಷ್ ನನಗೆ ಬರುತ್ತದೆ. ಮನೆಯವರು ಅದನ್ನೇ ಮಹಾ ಪಾಂಡಿತ್ಯ ಎಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ಅತ್ತೆಗೆ ಮನೆಯೊಳಗೆ ಓದು ಹತ್ತುವುದಿಲ್ಲ, ಆದ್ದರಿಂದ ಮಗ್ಗಗಳ ನಡುವೆಯೇ ಎರಡು ಸ್ಟೂಲು ಹಾಕಿಕೊಂಡು ಕೂತೆವು. ನಾನು ಮೊಬೈಲಿನಲ್ಲಿ ಸಿಕ್ಕ ಮಾದರಿ ಉತ್ತರಗಳನ್ನು ಕೂಗಿದೆ. ಒಂದರಲ್ಲಿ, ನನ್ನ ಶಾಲೆಯಲ್ಲಿ ವಿಶಾಲವಾದ ಪ್ರಯೋಗಾಲಯವಿತ್ತು, ಹಾಗಾಗಿ ನನಗೆ ವಿಜ್ಞಾನ ಇಷ್ಟ ಎಂದಿತ್ತು.

"ಎಲ್ಲಿತ್ತೇ ಪ್ರಯೋಗಾಲಯ? ನಮ್ಗೆ ಲ್ಯಾಬು ಅಂದ್ರೆ ಒಂದು ಬೀರು. ಅದರ ಬೀಗದ ಕೈ ಕಳೆದೋಗಿತ್ತು."

"ಸುಮ್ನೆ ಹೇಳು ಅತ್ತೆ, ಕಂಪ್ಯೂಟರ್ ಬಂದು ನೋಡುತ್ತಾ?"

"ಮಕ್ಕಳಿಗೆ ಸುಳ್ಳು ಹೇಳ್ಬೇಡಿ ಅಂತ ದಿನಾ ಹೇಳ್ಬಿಟ್ಟು, ನಾನು ಪಾಸಾಗಕ್ಕೆ ಸುಳ್ಳು ಹೇಳ್ಲಾ? ಬೀರು ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ, ಅದನ್ನ ಹೇಳು!"

ಹಟಮಾರಿ. ಆದರೆ ಕಲಿತಳು, ನಿಜವಾಗಿ ಕಲಿತಳು. ಬೆಳಗ್ಗೆ ಸ್ನಾನಕ್ಕೆ ಮುಂಚೆ, ಸಂಜೆ ಶಾಲೆಯಿಂದ ಬಂದೊಡನೆ, ಲಾಳಿ ಆ ಕಡೆ ಈ ಕಡೆ ಓಡುವ ತಾಳಕ್ಕೆ ಸರಿಯಾಗಿ ಇಂಗ್ಲಿಷ್ ಹೇಳುತ್ತಿದ್ದಳು. ಕೆಲವು ವಿಷಯಗಳು ಬೇರೆಯವಕ್ಕಿಂತ ಮುಖ್ಯವೇ? ನಿಮ್ಮ ಕಾಲದ ಶಿಕ್ಷಣಕ್ಕೂ ಇಂದಿನದಕ್ಕೂ ಏನು ವ್ಯತ್ಯಾಸ? ಪ್ರಶ್ನೆ ಎಸೆದರೆ ಸಾಕು, ಉತ್ತರ ಬೀದಿಯ ಕೊನೆಗೆ ಹೋಗಿ ಬೀಳುತ್ತಿತ್ತು. ಹಾಲು ಹಾಕುವವರೂ ಇಂಗ್ಲಿಷಿನಲ್ಲಿ ಶಿಕ್ಷಣದ ಬಗ್ಗೆ ಎರಡು ಮಾತು ಹೇಳತೊಡಗಿದರು. ನಾನು ಗೆದ್ದೆ ಎಂದುಕೊಂಡೆ.

ಒಂದು ಸಂಜೆ ಅವಳು "ಇನ್ ಮೈ ಒಪೀನಿಯನ್" ಎಂದಳು, ಕರೆಂಟ್ ಹೋಯಿತು. ಮಗ್ಗ ನಿಂತಿತು. ಅತ್ತೆಯೂ ನಿಂತಳು. ಬಾಯಿ ತೆರೆದೇ ಇದೆ, ಮಾತಿಲ್ಲ.

"ಏನಕ್ಕಾ, ನಿಂಗೂ ಕರೆಂಟ್ ಹೋಯ್ತಾ?" ಎಂದ ಅಪ್ಪ. ನಾವು ನಕ್ಕೆವು. ಕರೆಂಟ್ ಬಂದ ಮೇಲೆ ಒಪೀನಿಯನ್ ಅಲ್ಲಿಂದಲೇ ಮುಂದುವರಿಯಿತು.

ನಗಬಾರದಿತ್ತು. ನಮ್ಮ ಮನೆಯಲ್ಲಿ ಹಬ್ಬ ಬಿಟ್ಟರೆ ಕೆಲಸದ ಹೊತ್ತಿನಲ್ಲಿ ಮಗ್ಗ ನಿಲ್ಲುವುದು ಕರೆಂಟ್ ಹೋದಾಗ, ಇಲ್ಲವೇ ಜೀವ ಹೋದಾಗ. ಅಪ್ಪ ತಾನಾಗಿ ನಿಲ್ಲಿಸುವವನೇ ಅಲ್ಲ. ನಾನು ಹುಟ್ಟಿದ ಸುದ್ದಿಯನ್ನು ಅಮ್ಮನ ತವರಿನವರು ಬಂದು ಹೇಳಿದಾಗಲೂ ನಿಲ್ಲಿಸಲಿಲ್ಲವಂತೆ, ತುಟಿ ನೋಡಿ "ಹೆಣ್ಣಾ? ಸಂತೋಷ" ಎಂದನಂತೆ. ತಾತ ಹೋದ ದಿನ ನಮಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಗ್ಗಗಳು ಒಮ್ಮೆಗೇ ಸುಮ್ಮನಾದವು, ಅತ್ತೆ ಒಳಗಿನಿಂದ ಓಡಿ ಬಂದಳು. ಅಂದಿನಿಂದ ಸದ್ದಿಲ್ಲದ ಕಡೆ ಅವಳ ಎದೆ ಹೊಡೆದುಕೊಳ್ಳುತ್ತದೆ. ಶಾಲೆಯಲ್ಲಿ ಮಕ್ಕಳ ಗಲಾಟೆ ಇರುತ್ತಿದ್ದುದರಿಂದ ನಡೆದುಹೋಗಿತ್ತು. ಪರೀಕ್ಷೆಯ ಕೋಣೆಯಲ್ಲಿ ಎಲ್ಲಿಂದ ತರುವುದು ಗಲಾಟೆಯನ್ನು?

ಮೌನದಲ್ಲಿ ಅಭ್ಯಾಸ ಮಾಡಿಸಬೇಕೆಂದು ಒಂದು ಭಾನುವಾರ ನನ್ನ ಸ್ಕೂಟಿಯಲ್ಲಿ ನಲ್ಲೂರಿನ ಹುಣಸೆ ತೋಪಿಗೆ ಕರೆದುಕೊಂಡು ಹೋದೆ. ಎಂಥ ಮರಗಳು, ಎಂಥ ನಿಶ್ಶಬ್ದ! ಅತ್ತೆ ಒಂದು ಮುದಿ ಹುಣಸೆಯ ಕೆಳಗೆ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಧೈರ್ಯ ಮಾಡಿ ಕಣ್ಣು ಮುಚ್ಚಿ "ಮೈ ಫೇವರಿಟ್ ಸಬ್ಜೆಕ್ಟ್!" ಎಂದು ಒಂದೇ ಸಲ ಬಿಟ್ಟಳು. ಹಕ್ಕಿಗಳು ಎದ್ದವು. ಪೊಟರೆಯ ಮರೆಯಲ್ಲಿ ಕೂತಿದ್ದ ಜೋಡಿಯೊಂದು ಎದ್ದು ಬೈಕಿನ ಕಡೆ ಓಡಿತು. ಕುರಿ ಮೇಯಿಸುತ್ತಿದ್ದ ಹೆಂಗಸು ಕೋಲು ಹಿಡಿದು ಬಂದು "ಏನಾಯ್ತಮ್ಮೋ, ಹಾವಾ?" ಎಂದಳು.

"ಇಲ್ಲ ಕಣಮ್ಮ, ಪರೀಕ್ಷೆ" ಎಂದಳು ಅತ್ತೆ.

"ಹಾವೇ ವಾಸಿ" ಎಂದು ಆಕೆ ಕುರಿಗಳ ಹಿಂದೆ ಹೊರಟುಹೋದಳು.

ಪರೀಕ್ಷೆಯ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಶಾಲೆಯಲ್ಲೇ ಒಂದು ಎಸಿ ಕೋಣೆ, ಒಬ್ಬೊಬ್ಬರನ್ನೇ ಒಳಗೆ ಕಳಿಸುತ್ತಿದ್ದರು. ಗಾಜಿನಾಚೆ ಅತ್ತೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಳು. ಅದನ್ನು ಹಾಕಿದ ಮೇಲಂತೂ ಇದ್ದಬದ್ದ ಸದ್ದೂ ಹೋಗಿರಬೇಕು, ಮುಖ ಬಿಳಿಚಿಕೊಂಡಿತು. ಮೊದಲನೆಯ ಪ್ರಶ್ನೆಗೆ ತುಟಿ ಅಲ್ಲಾಡಲಿಲ್ಲ. ಎರಡನೆಯದಕ್ಕೂ ಇಲ್ಲ. ನಾನು ಹೊರಗೆ ನಿಂತು ಇದ್ದ ದೇವರಿಗೆಲ್ಲ ಕೈಮುಗಿದೆ.

ಆಗ ಅವಳ ಕಾಲು ನೆಲವನ್ನು ಬಡಿಯತೊಡಗಿತು. ಟಕಟಕ, ಟಕಟಕ. ಆಮೇಲೆ ಕೈಗೆಣ್ಣುಗಳು ಮೇಜಿನ ಮೇಲೆ. ಮಗ್ಗವೇ! ಕೂತಲ್ಲೇ ಮಗ್ಗ ಹಾಕಿಕೊಂಡಿದ್ದಳು ನಮ್ಮತ್ತೆ. ಸದ್ದು ಹತ್ತಿದ್ದೇ ತಡ, ಇಂಗ್ಲಿಷ್ ಹೊರಟಿತು ನೋಡಿ! ತನಗೆ ಇಷ್ಟವಾದ ವಿಷಯ ಕನ್ನಡ ಎಂದಳು, ಲ್ಯಾಬು ಒಂದು ಬೀರು ಎಂದಳು, ಅದರ ಬೀಗದ ಕೈ ಕಳೆದುಹೋಗಿತ್ತು ಎಂದಳು. ಎಲ್ಲ ವಿಷಯವೂ ಮುಖ್ಯವೇ, ಆದರೆ ಮಕ್ಕಳಿಗೆ ಮನೆಯ ಮಾತಿನಲ್ಲಿ ಹೇಳಿದರೆ ಬೇಗ ಒಳಗಿಳಿಯುತ್ತದೆ ಎಂದು ಇಂಗ್ಲಿಷಿನಲ್ಲೇ ಸಾರಿದಳು. ಗಾಜು ನಡುಗಿತು. ಕ್ಲಾಸುಗಳಿಂದ ಮಕ್ಕಳು ಇಣುಕಿದರು. ಆಯಾ ಪೊರಕೆ ಬದಿಗಿಟ್ಟು ಚಪ್ಪಾಳೆ ತಟ್ಟಿ "ಒಂದೂ ಅರ್ಥ ಆಗ್ಲಿಲ್ಲ, ಆದ್ರೆ ಚೆನ್ನಾಗ್ ಕೇಳ್ತು" ಎಂದಳು.

ಫಲಿತಾಂಶ ಕಂಪ್ಯೂಟರಿನಲ್ಲೇ ಬಂತು. ಹಿನ್ನೆಲೆಯ ಸದ್ದು ಹೆಚ್ಚಾಗಿರುವುದರಿಂದ ಅಂಕ ಕೊಡಲಾಗುವುದಿಲ್ಲ. ಅಷ್ಟೇ. ಮಾತು ತಪ್ಪು ಎಂದಿರಲಿಲ್ಲ, ಸರಿ ಎಂದೂ ಇರಲಿಲ್ಲ.

"ಇನ್ನೊಂದು ಸಲ ಕೂರ್ಬೋದಾ?" ಎಂದು ನಾನೇ ಹೋಗಿ ಪ್ರಿನ್ಸಿಪಾಲರನ್ನು ಕೇಳಿದೆ.

"ಸಾರಿ, ಸಿಸ್ಟಮ್ ಅಲೋ ಮಾಡಲ್ಲ."

ಈ ಸಿಸ್ಟಮ್ ಎಂಬಾತ ಯಾವ ಊರಿನವನೋ, ಯಾರ ಮಗನೋ, ಕೈಗೆ ಸಿಕ್ಕಿದ್ದರೆ ಒಂದು ಕೈ ನೋಡುತ್ತಿದ್ದೆ. ಇಂಥವರು ಯಾವತ್ತೂ ಕೈಗೆ ಸಿಗುವುದಿಲ್ಲ. ಮೆತ್ತಗೆ ಮಾತಾಡುವವರು ಮಾತ್ರ ಎದುರಿಗೆ ಸಿಗುತ್ತಾರೆ. ಮೆತ್ತಗೆ ಮಾತಾಡುತ್ತಲೇ ಕತ್ತು ಕುಯ್ಯುವುದನ್ನು ನಾನು ಅಲ್ಲಿ ನೋಡಿದೆ. ಅತ್ತೆ ಮಾತ್ರ ದಾರಿಯುದ್ದಕ್ಕೂ "ತಪ್ಪು ಅಂತ ಅಂದಿಲ್ಲ ನೋಡು, ತಪ್ಪು ಅಂದಿಲ್ಲ" ಎಂದು ನನಗೇ ಸಮಾಧಾನ ಹೇಳಿದಳು.

ದಸರಾ ರಜೆಯ ಹಿಂದಿನ ದಿನ ಪೋಷಕರನ್ನೂ ಊಟಕ್ಕೆ ಕರೆದು ಅವಳಿಗೆ ಬೀಳ್ಕೊಡುಗೆ ಇಟ್ಟಿದ್ದರು. ಕರೆತರಲು ಹೋದ ನಾನೂ ಹಿಂದೆ ನಿಂತಿದ್ದೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಪ್ರಿನ್ಸಿಪಾಲರು ಮೆಲುದನಿಯಲ್ಲಿ ಇಂಗ್ಲಿಷಿನಲ್ಲಿ ಹೊಗಳಿದರು. ನಡುವೆ ಮೈಕು ಕೆಟ್ಟಿತು. ಊಟ ತಣ್ಣಗಾಗುತ್ತಿದೆ, ಪೋಷಕರೆಲ್ಲ ಮೈದಾನದ ತುಂಬ ಚೆದುರಿ ಹೋಗಿದ್ದಾರೆ, ಕರೆದರೆ ಯಾರಿಗೂ ಕೇಳಿಸುತ್ತಿಲ್ಲ. ಪ್ರಿನ್ಸಿಪಾಲರು ಅತ್ತೆಯ ಹತ್ತಿರ ಬಂದು, "ಮ್ಯಾಮ್, ಪ್ಲೀಸ್, ನೀವೇ ಒಂದ್ಸಲ ಕೂಗ್ಬಿಡ್ತೀರಾ?" ಎಂದರು!

ನಾನಾಗಿದ್ದರೆ ಹಣ್ಣಿನ ಬುಟ್ಟಿಯನ್ನು ಅಲ್ಲೇ ಸುರಿದು ಬರುತ್ತಿದ್ದೆ. ಅತ್ತೆ ಶಾಲು ಸರಿಮಾಡಿಕೊಂಡು "ಎಲ್ಲಾರೂ ಊಟಕ್ ಬನ್ರಪ್ಪಾ!" ಎಂದಳು. ಎಲ್ಲರೂ ಬಂದರು. ಇಂಗ್ಲಿಷಿನಲ್ಲಿ ಹೇಳಿ ಎಂದು ಒಬ್ಬ ಪೋಷಕರೂ ಕೇಳಲಿಲ್ಲ.

ಮನೆಗೆ ಬಂದಾಗ ಮಗ್ಗಗಳು ನಡೆಯುತ್ತಿದ್ದವು, ಹಬ್ಬಕ್ಕೆ ಮುಂಚೆ ಕೊಡಬೇಕಾದ ಸೀರೆಗಳು. ಅತ್ತೆ ಶಾಲು ಹೊದ್ದೇ ಬಾಗಿಲಲ್ಲಿ ನಿಂತಳು. ಅಪ್ಪ ಅವಳ ಮುಖ ನೋಡಿದ. ಎದ್ದು ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಆರಿಸಿದ.

"ಯಾರು ಹೋದ್ರೋ?" ಎಂದು ಅತ್ತೆ ಚೀರಿದಳು. ಮನೆ ಗಡಗಡ ಅಂದಿತು.

"ಯಾರೂ ಹೋಗಿಲ್ಲಕ್ಕಾ. ನೀನು ಹೇಳು, ಕೇಳ್ತೀವಿ."

ಅಷ್ಟು ವರ್ಷ ಅವಳ ಮಾತು ಕೇಳಲೆಂದು ಆ ಮನೆಯಲ್ಲಿ ಯಾರೂ ಮಗ್ಗ ನಿಲ್ಲಿಸಿರಲಿಲ್ಲ. ಅತ್ತೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ನಮ್ಮ ಮನೆಯವರಿಗೆ ದನಿ ಬೇಕಿಲ್ಲವಲ್ಲ, ಎಲ್ಲರಿಗೂ ತಿಳಿಯಿತು.

"ಏಳನೇ ಕ್ಲಾಸಿನವರಿಗೆ ಒಂದ್ ಪದ್ಯ ಅರ್ಧಕ್ಕೇ ನಿಂತೋಯ್ತು ಕಣೋ."

ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಮಾತ್ರ ಅವಳ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಮ್ಮನ್ನೂ ಕೂರುವಂತೆ ಕೈಸನ್ನೆ ಮಾಡಿದ. "ಎಲ್ಲಿಗೆ ನಿಂತಿತ್ತು? ಅಲ್ಲಿಂದ ಹೇಳಕ್ಕಾ" ಎಂದ.

ಅತ್ತೆ ಶುರು ಮಾಡಿದಳು. ನನ್ನ ಕಿವಿಯಲ್ಲಿ ಹೆಸರು ಹೇಳಿದಾಗ ಇರಬೇಕಾಗಿತ್ತಲ್ಲ, ಅಂಥ ಮೆಲ್ಲನೆಯ ದನಿ. ಪದ್ಯ ಮುಗಿಯುವವರೆಗೂ ಅಪ್ಪ ಮಗ್ಗ ಹಾಕಲಿಲ್ಲ.